ಸ್ಪೀಕರ್ ಕೊಳ್ಳುವ ಮುಂಚೆ ಟೇಪ್ ಹಿಡಿದು ರೂಮ್ ಅಳೆಯಿರಿ

ಹಾಡು ಕೇಳುವುದಕ್ಕೇ ಅಂತ ಮನೆಯಲ್ಲಿ ಒಂದು ರೂಮ್ ಬಿಟ್ಟುಕೊಂಡಿದ್ದೀರಿ, ಸ್ಪೀಕರಿಗೆ ಕೆಲವು ಲಕ್ಷ ಎತ್ತಿಟ್ಟಿದ್ದೀರಿ. ಸರಿ. ಯಾವ ಕಂಪನಿ ಅನ್ನೋದನ್ನ ಆಮೇಲೆ ನೋಡೋಣ. ಮೊದಲು ರೂಮಿನ ಉದ್ದ, ಅಗಲ ಬರೆದುಕೊಳ್ಳಿ.

ಬೆಂಗಳೂರಿನ 30×40 ಸೈಟಿನ ಮನೆಯಲ್ಲಿ ಸಿಗುವ ರೂಮ್ 12 ಅಡಿ ಅಗಲ, 15 ಅಡಿ ಉದ್ದ ಅಂದುಕೊಳ್ಳಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಅದನ್ನು ರೂಮಿನ ಉದ್ದದ (ಅಡಿಯಲ್ಲಲ್ಲ, ಮೀಟರಿನಲ್ಲಿ) ಎರಡರಷ್ಟರಿಂದ ಭಾಗಿಸಿದರೆ 37 ಹರ್ಟ್ಜ್ ಚಿಲ್ಲರೆ, ಅಂದರೆ ಸೆಕೆಂಡಿಗೆ ಅಷ್ಟು ಕಂಪನ, ಬರುತ್ತದೆ, ಅಗಲಕ್ಕೆ ಹೀಗೇ ಮಾಡಿದರೆ 47. ಈ ಎರಡು ಹರ್ಟ್ಜ್‌ನ ಶಬ್ದ ಬಂದಾಗ ಸ್ಪೀಕರ್ ಜೊತೆ ಗೋಡೆಗಳೂ ದನಿಗೂಡಿಸುತ್ತವೆ. ನಂಬಿಕೆ ಬರದಿದ್ದರೆ ಯಾರದಾದರೂ ಸಬ್‌ವೂಫರ್ (ಬರೀ ಬೇಸಿಗೆ ಇರುವ ಸ್ಪೀಕರ್) ತಂದು 37 ಹರ್ಟ್ಜ್ ಟೋನ್ ಹಾಕಿ ರೂಮಿನ ಉದ್ದಕ್ಕೆ ಓಡಾಡಿ: ಹಿಂದಿನ ಗೋಡೆ ಹತ್ತಿರ ಎದೆ ನಡುಗುತ್ತದೆ, ನಡುಮಧ್ಯಕ್ಕೆ ಬಂದರೆ ಯಾರೋ ಸ್ವಿಚ್ ಆರಿಸಿದ ಹಾಗೆ ಬೇಸ್ ಮಾಯ. ಹಾಗಾಗಿ ಕುರ್ಚಿಯನ್ನು ಉದ್ದದ ಸರಿ ಅರ್ಧಕ್ಕೂ ಹಾಕಬೇಡಿ, ಗೋಡೆಗೂ ಅಂಟಿಸಬೇಡಿ.

ಇಂಥ ರೂಮಿಗೆ ಬೋವರ್ಸ್ ಆ್ಯಂಡ್ ವಿಲ್ಕಿನ್ಸ್ 801 ಬೇಕಾ? ಒಂದೊಂದರಲ್ಲಿ ಬೇಸ್ ನುಡಿಸುವ 10 ಇಂಚಿನ ಎರಡು ವೂಫರ್, ಒಂದೊಂದರ ತೂಕ 100 ಕಿಲೋ. ಅದ್ಭುತ ಸ್ಪೀಕರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಅಳತೆಯಲ್ಲಿ ದುಡ್ಡು ಕೊಟ್ಟು ಗುಂಯ್‌ಗುಡಿಸಿಕೊಂಡ ಹಾಗಾಗುತ್ತದೆ. ನನ್ನ ಕೇಳಿದರೆ ಸ್ಟ್ಯಾಂಡ್ ಮೇಲಿಡುವ ಒಳ್ಳೆಯ ಜೋಡಿ ತಗೊಂಡು, ಜೊತೆಗೆ ಎರಡು ಸಣ್ಣ ಸಬ್‌ವೂಫರ್ ಇಡಿ. ಸಬ್ಬನ್ನು ಬೇಸ್ ಚೆನ್ನಾಗಿ ಬರುವ ಕಡೆಗೆ ಸರಿಸಬಹುದು, ಮುಖ್ಯ ಸ್ಪೀಕರನ್ನು ಹಾಗೆ ಸರಿಸೋಕಾಗಲ್ಲ, ಅಲ್ವಾ?

ಗೋಡೆಯಿಂದ ಎಷ್ಟು ದೂರ ಇಡಬಹುದು ಅನ್ನೋದರ ಮೇಲೂ ಆಯ್ಕೆ ನಿಂತಿದೆ. ಮ್ಯಾಗ್ನೆಪ್ಯಾನ್ ಕಂಪನಿಯದಂಥ, ಡಬ್ಬವಿಲ್ಲದ ಚಪ್ಪಟೆ ಪ್ಯಾನೆಲ್ ಸ್ಪೀಕರ್‌ಗಳು ಹಿಂದಕ್ಕೂ ಅಷ್ಟೇ ಶಬ್ದ ಬಿಡುತ್ತವೆ, ಮೂರಡಿ ಜಾಗ ಬಿಡಲಾಗದಿದ್ದರೆ ಅದನ್ನು ಮರೆತುಬಿಡಿ. ಕ್ಲಿಪ್ಶ್‌ಹಾರ್ನ್ ಅನ್ನೋ ಸ್ಪೀಕರ್ ಇದಕ್ಕೆ ತದ್ವಿರುದ್ಧ. 1946ರಿಂದಲೂ ಅದಕ್ಕೆ ಮೂಲೆಯೇ ಬೇಕು, ಬಾಗಿಲು ಮೂಲೆಯಲ್ಲಿದ್ದರೆ ಕಥೆ ಮುಗಿಯಿತು.

ಯಾವ ಹರ್ಟ್ಜ್‌ನಲ್ಲಿ ಸ್ಪೀಕರ್ ಎಷ್ಟು ಜೋರು ಅಂತ ತೋರಿಸುವ ಗ್ರಾಫ್ ನೋಡುವಾಗ ಮುಂದಿನಿಂದ ಅಳೆದದ್ದಷ್ಟೇ ನೋಡಬೇಡಿ, ಪಕ್ಕದಿಂದ ಅಳೆದದ್ದನ್ನೂ ಕೇಳಿ. ಶಬ್ದ ವಿಜ್ಞಾನಿ ಫ್ಲಾಯ್ಡ್ ಟೂಲ್ ಮೊದಲು ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ, ಆಮೇಲೆ ಹರ್ಮನ್ ಅನ್ನೋ ಆಡಿಯೋ ಕಂಪನಿಯಲ್ಲಿ, ಯಾವ ಸ್ಪೀಕರ್ ಅಂತ ಗೊತ್ತಾಗದ ಹಾಗೆ ಜನರಿಗೆ ಕೇಳಿಸಿ ನೋಡಿದರು. ಮುಂದೆ ಸಪಾಟಾಗಿರುವ, ಪಕ್ಕಕ್ಕೆ ಹೋದ ಹಾಗೆ ಏರುಪೇರಿಲ್ಲದೆ ಇಳಿಯುವ ಸ್ಪೀಕರೇ ಹೆಚ್ಚಿನವರಿಗೆ ಹಿಡಿಸಿತು. ನಮ್ಮ ಗಾರೆ ಗೋಡೆ, ಟೈಲ್ಸ್ ನೆಲಕ್ಕೆ ಇದು ಇನ್ನೂ ಮುಖ್ಯ, ಯಾಕಂದ್ರೆ ಪಕ್ಕಕ್ಕೆ ಹೋದ ಶಬ್ದವೆಲ್ಲ ವಾಪಸ್ ಕಿವಿಗೇ ಬರುತ್ತದೆ.

ಆ್ಯಂಪ್ (ಸ್ಪೀಕರಿಗೆ ಶಕ್ತಿ ಕೊಡುವ ಆ್ಯಂಪ್ಲಿಫೈಯರ್) ವಿಷಯ ಚಿಕ್ಕದು. ಅಷ್ಟೇ ಪವರ್ ಕೊಟ್ಟಾಗ ಯಾವ ಸ್ಪೀಕರ್ ಎಷ್ಟು ಜೋರು ಅಂತ ಡೆಸಿಬೆಲ್‌ನಲ್ಲಿ ಬರೆದಿರುತ್ತಾರೆ. 89 ಡೆಸಿಬೆಲ್ ಸ್ಪೀಕರಿನಷ್ಟೇ ಜೋರಾಗಿ 86 ಡೆಸಿಬೆಲ್‌ನದ್ದು ಕೇಳಬೇಕಾದರೆ ಎರಡರಷ್ಟು ವ್ಯಾಟ್ ಬೇಕು. ಡಬ್ಬದ ಮೇಲೆ ಇಂಪೀಡೆನ್ಸ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ) 8 ಓಮ್ ಅಂತಿದ್ದರೂ ಕನಿಷ್ಠ ಎಷ್ಟಕ್ಕೆ ಇಳಿಯುತ್ತದೆ ಅಂತ ಕೇಳಿ, 3 ಅಂದರೆ ಗಟ್ಟಿ ಆ್ಯಂಪ್ ಬೇಕು.

ಶೋರೂಮಿಗೆ ಹೋದಾಗ ನಿಮ್ಮದೇ ಹಾಡು ತಗೊಂಡು ಹೋಗಿ. ತಂಬೂರಿಯ ತಂತಿಗಳ ನಾದ ಒಂದರ ಮೇಲೊಂದು ಹರಡಿಕೊಳ್ಳಬೇಕು, ಮೃದಂಗದ ಎಡಗಡೆಯ ಪೆಟ್ಟು ಬಿದ್ದು ನಿಲ್ಲಬೇಕು, ಎಳೆಯಬಾರದು. ಗಂಡು ದನಿಗೆ ಎದೆ ಊದಿಕೊಂಡಂತಿದ್ದರೆ ಬೇಡ. ಎರಡು ಜೋಡಿ ಹೋಲಿಸುವಾಗ ಎರಡನ್ನೂ ಒಂದೇ ವಾಲ್ಯೂಮಿಗೆ ತರಿಸಿ, ಫೋನಿನ ಡೆಸಿಬೆಲ್ ಆ್ಯಪ್ ಸಾಕು. ಸ್ವಲ್ಪ ಜೋರಾಗಿರುವುದೇ ಯಾವಾಗಲೂ ಚೆನ್ನಾಗಿ ಕೇಳಿಸುತ್ತದೆ, ಮಾರುವವರಿಗೂ ಇದು ಗೊತ್ತು. ಕೊನೆಗೆ ಉಳಿದ ಜೋಡಿಯನ್ನು ಮನೆಗೆ ಕಳಿಸ್ತೀರಾ ಅಂತ ಕೇಳಿ. ಇಷ್ಟು ದುಡ್ಡಿಗೆ ಕೇಳುವ ಹಕ್ಕು ನಿಮಗಿದೆ.

ಬಜೆಟ್ಟೆಲ್ಲ ಸ್ಪೀಕರಿಗೇ ಸುರಿಯಬೇಡಿ. ಕುರ್ಚಿಯಲ್ಲಿ ಕೂತು, ಇನ್ನೊಬ್ಬರ ಕೈಲಿ ಪಕ್ಕದ ಗೋಡೆ ಮೇಲೆ ಕನ್ನಡಿ ಸರಿಸಿಸಿ. ಕನ್ನಡಿಯಲ್ಲಿ ಟ್ವೀಟರ್ (ಸ್ಪೀಕರಿನಲ್ಲಿ ತಾರದ ದನಿ ಕೊಡುವ ಸಣ್ಣ ಭಾಗ) ಕಾಣಿಸುವ ಜಾಗಕ್ಕೆ ಶಬ್ದ ಹೀರುವ ರಾಕ್‌ವೂಲ್ ಪ್ಯಾನೆಲ್ ಹಾಕಿ, ನೆಲಕ್ಕೆ ದಪ್ಪ ಕಾರ್ಪೆಟ್.

ಬಿಲ್ ಹಾಕಿಸುವ ಮುಂಚೆ ಎರಡು ಪ್ರಶ್ನೆ: ಟ್ವೀಟರ್ ಸುಟ್ಟರೆ ಬದಲಿ ಇಲ್ಲೇ ಸಿಗುತ್ತಾ, ಮತ್ತೆ ಮೂರನೇ ಮಹಡಿಗೆ ಹೊತ್ತು ತರುವವರು ಯಾರು?