ಲಿನಕ್ಸ್ ಕಲಿಯಲು ಹಳೆಯ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ

ಕೇರಳದ ಸರಕಾರಿ ಶಾಲೆಗಳಲ್ಲಿ ವಿಂಡೋಸ್‌ನಂತೆ ಕಂಪ್ಯೂಟರನ್ನು ನಡೆಸುವ ತಂತ್ರಾಂಶವಾದ ಲಿನಕ್ಸ್ (ಅದರ ಉಬುಂಟು ಎಂಬ ರೂಪವನ್ನು ಆಧರಿಸಿದ್ದು) ಬಳಕೆಯಲ್ಲಿರುವುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಅದರ ಪರಿಚಯವಿರುತ್ತದೆ; ಹಿರಿಯರಿಗೆ ಹಲವೊಮ್ಮೆ ಅದು ಹೊಸದು. ಮನೆಯ ಲೆಕ್ಕಪತ್ರಗಳಿರುವ ಕಂಪ್ಯೂಟರಿನಲ್ಲಿ ಪ್ರಯೋಗ ಮಾಡುವ ಬದಲು, ಏನನ್ನು ಅಳಿಸಿದರೂ ನಷ್ಟವಾಗದ ಹಳೆಯ ಲ್ಯಾಪ್‌ಟಾಪ್ ಒಂದನ್ನು ಕೊಳ್ಳುವುದು ಕ್ಷೇಮ.

ಕಚೇರಿ ಬಳಕೆಗೆಂದೇ ತಯಾರಾದ ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್ ಮಾದರಿಗಳು ಗಟ್ಟಿಯಾಗಿರುತ್ತವೆ. 64 ಬಿಟ್ ಪ್ರೊಸೆಸರ್, ಕನಿಷ್ಠ 4 ಜಿಬಿ ರ್‍ಯಾಮ್ ಇರಲಿ. ಹಾರ್ಡ್ ಡಿಸ್ಕ್ ಇದ್ದರೆ ಅದರ ಬದಲು ಹೆಚ್ಚು ವೇಗದ ಸಂಗ್ರಹ ಸಾಧನವಾದ ಎಸ್‌ಎಸ್‌ಡಿ ಹಾಕಿಸುವ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಚೌಕಾಸಿ ಮಾಡಬೇಕು.

ಅಂಗಡಿಗೆ ಹೋಗುವಾಗ ಲಿನಕ್ಸ್ ಮಿಂಟ್ ಎಂಬ ಲಿನಕ್ಸ್ ರೂಪವನ್ನು, ಅದರಿಂದಲೇ ಯಂತ್ರ ಚಾಲೂ ಆಗುವಂತೆ ಬರೆದಿಟ್ಟ ಪೆನ್‌ಡ್ರೈವನ್ನು ಖಂಡಿತ ಒಯ್ಯಿರಿ. ಯಂತ್ರ ಚಾಲೂ ಆಗುತ್ತಿದ್ದಂತೆ (ಮೇಲಿನ ಮಾದರಿಗಳಲ್ಲಿ) ಎಫ್12 ಕೀಲಿ ಒತ್ತಿ ಪೆನ್‌ಡ್ರೈವನ್ನು ಆರಿಸಿದರೆ, ಏನನ್ನೂ ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ತೆರೆದುಕೊಳ್ಳುತ್ತದೆ. ಆಗ ನಿಮ್ಮ ಮೊಬೈಲಿನ ಹಾಟ್‌ಸ್ಪಾಟಿಗೆ ವೈಫೈ ಜೋಡಿಸಿ, ಧ್ವನಿ ಕೇಳಿ, ಪ್ರತಿಯೊಂದು ಕೀಲಿಯನ್ನೂ ಒತ್ತಿ, ಮುಚ್ಚಳ ಮುಚ್ಚಿ ತೆರೆದಾಗ ಪರದೆ ಮರಳುವುದೇ ಎಂದು ಪರೀಕ್ಷಿಸಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಯುಎಸ್‌ಬಿ ಕಿಂಡಿಗಳು ತುಕ್ಕು ಹಿಡಿಯುತ್ತವೆ, ಆದ್ದರಿಂದ ಟಾರ್ಚ್ ಹಾಕಿ ನೋಡುವುದು ಒಳ್ಳೆಯದು. ಬಯೋಸ್ (ಯಂತ್ರ ಚಾಲೂ ಆಗುವಾಗ ಮೊದಲು ಓಡುವ ತಂತ್ರಾಂಶ) ಪಾಸ್‌ವರ್ಡ್ ಕೇಳುವ ಯಂತ್ರ ಎಷ್ಟೇ ಅಗ್ಗವಾದರೂ ಬೇಡ; ಅದನ್ನು ತೆಗೆಯುವುದು ಬಲು ಕಷ್ಟ. ಸೀರಿಯಲ್ ನಂಬರ್ ನಮೂದಿಸಿದ ಬಿಲ್ ಪಡೆಯಿರಿ.

ಮನೆಗೆ ತಂದು ಇನ್‌ಸ್ಟಾಲ್ ಮಾಡಿದ ಮೇಲೆ, ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ವಿನ್ಯಾಸವನ್ನು ಸೇರಿಸಿ ಒಂದು ಪತ್ರ ಬರೆಯುವುದೇ ಮೊದಲ ಪಾಠವಾಗಲಿ.