ಕಾರಲ್ಲಿ ಬಂದು ಸೈಕಲ್ಲಲ್ಲಿ ನೋಡಿದ ಬೆಂಗಳೂರು

ಶಿವಮೊಗ್ಗದಿಂದ ಕಾರಲ್ಲಿ ಬೆಂಗಳೂರು, ಅಲ್ಲಿಂದ ಸೇಲಂ ಮೇಲೆ ಮಧುರೆ ಅಂತ ಪ್ರವಾಸ ಗೊತ್ತಾದಾಗ ನಾನು ಮನೆಯವರನ್ನು ಕೇಳಿದ್ದು ಇಷ್ಟೇ: ಬೆಂಗಳೂರಲ್ಲಿ ಇರುವಷ್ಟು ದಿನ ಕಾರು ಚಿಕ್ಕಪ್ಪನ ಮನೆ ಮುಂದೆ ನಿಂತಿರಲಿ, ನನ್ನ ಸೈಕಲ್ ಜೊತೆಗೆ ಬರಲಿ. ರಾಜಧಾನಿಯನ್ನು ಸೈಕಲ್ಲಲ್ಲಿ ನೋಡಿ ಅಂತ ಈಗ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಬೆಂಗಳೂರು ಸಪಾಟು ಊರಲ್ಲ. ಕಾರಲ್ಲಿ ಕೂತರೆ ಅದು ಗೊತ್ತೇ ಆಗುವುದಿಲ್ಲ, ಪೆಡಲ್ ತುಳಿಯುವ ಕಾಲಿಗೆ ಗೊತ್ತಾಗುತ್ತದೆ. ತುಳಿಯದೆ ಸೈಕಲ್ ತಾನಾಗಿ ಓಡುವ ಇಳಿಜಾರು ಸಿಕ್ಕಿತು ಅಂದರೆ ಅದರ ತುದಿಯಲ್ಲಿ ಎಷ್ಟೋ ಸಲ ಒಂದು ಕೆರೆ ಇರುತ್ತದೆ, ಇಲ್ಲವೇ ಹಿಂದೆ ಇತ್ತು.

ಮೊದಲು ಸೈಕಲ್ ತರುವ ವಿಷಯ. ಕಾರಿನ ಹಿಂದೆ ಕಟ್ಟುವ ಕ್ಯಾರಿಯರ್ ನನಗೆ ಇಷ್ಟ ಇಲ್ಲ, ನಂಬರ್ ಪ್ಲೇಟು, ಹಿಂದಿನ ಲೈಟು ಮುಚ್ಚಿಹೋಗುತ್ತವೆ. ಎರಡೂ ಚಕ್ರ ಬಿಚ್ಚಿ, ಹಿಂದಿನ ಸೀಟು ಮಡಚಿ, ಹಳೇ ಬೆಡ್‌ಶೀಟ್ ಹಾಸಿ ಮಲಗಿಸುತ್ತೇನೆ. ಚೈನ್ ಇರುವ ಕಡೆ ಮೇಲೆ ಬರಬೇಕು. ಅದು ಅಡಿಗೆ ಬಿದ್ದರೆ ಹಂಪ್ ಹಾರಿದಾಗೆಲ್ಲ ಗೇರ್ ಮೇಲೆ ಭಾರ ಬಿದ್ದು ಬಾಗುತ್ತದೆ. ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ಬಿಚ್ಚಿದ ಕೂಡಲೇ ಎರಡು ಪ್ಯಾಡ್‌ಗಳ ಮಧ್ಯೆ ಮಡಚಿದ ರಟ್ಟಿನ ಚೂರು ಸಿಕ್ಕಿಸಿಬಿಡಿ. ದಾರಿಯಲ್ಲಿ ಯಾರೋ ಸುಮ್ನೆ ಬ್ರೇಕ್ ಒತ್ತಿದರೂ ಪ್ಯಾಡ್ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆಮೇಲೆ ಚಕ್ರ ಒಳಗೆ ಕೂರುವುದೇ ಇಲ್ಲ.

ಚಿಕ್ಕಪ್ಪನ ಮನೆ ಹನುಮಂತನಗರದಲ್ಲಿ. "ಏನೋ, ಈ ಟ್ರಾಫಿಕ್‌ನಲ್ಲಿ ಸೈಕಲ್ಲಾ? ಆರು ಗಂಟೆಗೇ ಹೊರಡು, ಎಂಟರ ಮೇಲೆ ರೋಡಿಗೆ ಇಳೀಬೇಡ" ಅಂದರು. ಅದಕ್ಕಿಂತ ಒಳ್ಳೆ ಸಲಹೆ ಈ ಊರಲ್ಲಿ ಇನ್ನೊಂದಿಲ್ಲ.

ಒಂದೇ ಸವಾರಿಗೆ ಟೈಮ್ ಇದೆ ಅನ್ನುವವರಿಗೆ ನಾನು ಹೇಳುವುದು ಕೆಂಪಾಂಬುಧಿ ಕೆರೆಯಿಂದ ಲಾಲ್‌ಬಾಗಿನ ತನಕದ ದಾರಿ. ಕೆರೆ ಗವಿಪುರದ ಕೆಳಗೆ ತಗ್ಗಿನಲ್ಲಿದೆ, ಹತ್ತಿರವೇ ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳಲ್ಲಿ ಒಂದು. ಅಲ್ಲಿಂದ ಗವಿ ಗಂಗಾಧರೇಶ್ವರ ದೇವಸ್ಥಾನದ ಕಡೆಯಿಂದ ದೊಡ್ಡ ಬಸವಣ್ಣನ ಗುಡಿಗೆ ಹತ್ತುವಾಗ ಚೆನ್ನಾಗಿ ಏದುಸಿರು ಬರುತ್ತದೆ. ಮೇಲೆ ಬ್ಯೂಗಲ್ ರಾಕ್ ಪಕ್ಕ ನಿಂತು ನೀರು ಕುಡಿದು, ಗಾಂಧಿ ಬಜಾರ್ ದಾಟಿ, ನ್ಯಾಷನಲ್ ಕಾಲೇಜಿನಿಂದ ವಾಣಿ ವಿಲಾಸ ರಸ್ತೆ ಹಿಡಿದರೆ ಲಾಲ್‌ಬಾಗ್ ವೆಸ್ಟ್ ಗೇಟ್ ಬರುತ್ತದೆ. ನೀವು ದಾಟಿದ್ದು ಬರೀ ಒಂದು ದಿಬ್ಬವನ್ನಲ್ಲ. ಹಿಂದೆ ಬಿಟ್ಟುಬಂದ ಕಡೆ ಬಿದ್ದ ಮಳೆ ವೃಷಭಾವತಿಗೆ ಹೋಗಿ, ಅರ್ಕಾವತಿ ಸೇರಿ ಕಾವೇರಿ ಮುಟ್ಟುತ್ತದೆ. ಲಾಲ್‌ಬಾಗ್ ಕೆರೆ ಕಡೆಯ ನೀರು ಕೋರಮಂಗಲ, ಬೆಳ್ಳಂದೂರು ಹಾದು ದಕ್ಷಿಣ ಪಿನಾಕಿನಿಗೆ. ಎರಡು ನದಿಗಳ ನಡುವಿನ ನೆತ್ತಿಯನ್ನು ತಿಂಡಿಗೆ ಮುಂಚೆ ಸೈಕಲ್ಲಲ್ಲಿ ದಾಟಬಹುದು, ಇದು ನನಗೆ ಈಗಲೂ ಖುಷಿ ಕೊಡುವ ವಿಷಯ. ವೃಷಭಾವತಿ ಹುಟ್ಟುವುದು ಬಸವಣ್ಣನ ಪಾದದಲ್ಲಿ ಅನ್ನುವ ನಂಬಿಕೆ ಕೇಳಿದ್ದೆ, ಆ ಏರು ಹತ್ತಿದ ಮೇಲೆ ಹಾಗೆ ಯಾಕೆ ನಂಬಿದರು ಅಂತ ಅರ್ಥವಾಯಿತು.

ಲಾಲ್‌ಬಾಗಿನಲ್ಲಿ ಸೈಕಲ್ ಹೊರಗೆ ಬೀಗ ಹಾಕಿ ನಡೆದೇ ಹೋಗಿ. ಗಾಜಿನ ಮನೆ (1889) ಎಲ್ಲರೂ ನೋಡುತ್ತಾರೆ. ನೀವು ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು, ಅದರ ಮೇಲೂ ಒಂದು ಗೋಪುರ ಇದೆ.

ಪೇಟೆಗೆ, ಅಂದರೆ ಹಳೇ ಬೆಂಗಳೂರಿಗೆ, ಭಾನುವಾರ ಬೆಳಗ್ಗೆ ಮಾತ್ರ ಹೋಗಿ. ಕೆ.ಆರ್. ರಸ್ತೆಯಲ್ಲಿ ಕೋಟೆ ವೆಂಕಟರಮಣ ದೇವಸ್ಥಾನ, ಟಿಪ್ಪು ಅರಮನೆ, ಆಮೇಲೆ ಉಳಿದಿರುವ ಕೋಟೆ ಬಾಗಿಲು, 1791ರಲ್ಲಿ ಕಾರ್ನ್‌ವಾಲಿಸ್ ಸೈನ್ಯ ಹಿಡಿದ ಕೋಟೆ ಇದೇ. ಮಾರ್ಕೆಟ್ ಹತ್ತಿರ ಸೇವಂತಿಗೆ, ಕನಕಾಂಬರದ ಎಸಳು, ಬಾಳೆಲೆ ಚೂರು ಎಲ್ಲ ನೀರಿಗೆ ನೆನೆದು ರಸ್ತೆಗೆ ಅಂಟಿರುತ್ತವೆ. ಅದರ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಜಾರುವುದು ಗ್ಯಾರಂಟಿ, ಅದಕ್ಕೇ ಅಲ್ಲಿಂದ ಅವೆನ್ಯೂ ರೋಡ್ ಮುಗಿಯುವ ತನಕ ಸೈಕಲ್ ತಳ್ಳಿಕೊಂಡು ನಡೆಯುತ್ತೇನೆ. ಒನ್ ವೇ ತಲೆನೋವೂ ಇಲ್ಲ, ಫುಟ್‌ಪಾತ್ ಮೇಲೆ ಹರಡಿದ ಹಳೇ ಪುಸ್ತಕಗಳನ್ನೂ ನಿಧಾನವಾಗಿ ನೋಡಬಹುದು.

ಪೇಟೆ ಮುಗಿದ ಮೇಲೆ ಮೈಸೂರ್ ಬ್ಯಾಂಕ್ ಸರ್ಕಲ್. ಅಲ್ಲಿಂದ ಮೆಜೆಸ್ಟಿಕ್ ಕಡೆ ನೆಲ ಇಳಿಯುವುದನ್ನು ನೋಡಿ, ಬಸ್ ಸ್ಟ್ಯಾಂಡ್ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಸ್ಟೇಡಿಯಂ ಇರುವುದು ಸಂಪಂಗಿ ಕೆರೆ ಜಾಗದಲ್ಲಿ. ದೊಡ್ಡ ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತದೆ ಅಂತ ಟಿವಿಯವರು ಹೇಳುವ ಮೊದಲೇ ಸೈಕಲ್‌ನವರಿಗೆ ಗೊತ್ತಿರುತ್ತದೆ ಅಲ್ವಾ? ಕಬ್ಬನ್ ಪಾರ್ಕಲ್ಲಿ ಭಾನುವಾರ ಮೋಟಾರು ವಾಹನ ಬಿಡುವುದಿಲ್ಲ, ಮಕ್ಕಳ ಜೊತೆ ಬಂದವರಿಗೆ ಅದೇ ಸಾಕು.

ರಸ್ತೆ ವಿಷಯಕ್ಕೆ ಬಂದರೆ, ಸಣ್ಣ ಟೈರಿನ ಸೈಕಲ್ ತರಬೇಡಿ. ಚರಂಡಿ ಮೇಲಿನ ಕಬ್ಬಿಣದ ಜಾಲರಿಯ ಸಂದು ಕೆಲವು ಕಡೆ ರಸ್ತೆಯ ಉದ್ದಕ್ಕೇ ಇರುತ್ತದೆ, ಸಣ್ಣ ಟೈರು ನೇರ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ತೀರಾ ಎಡಕ್ಕೂ ಹೋಗಬೇಡಿ. ಸ್ಟಾಪಿಗೆ ಎಳೆದುಕೊಳ್ಳುವ ಬಸ್ಸನ್ನು ಎಡದಿಂದ ದಾಟುವುದಂತೂ ಬೇಡವೇ ಬೇಡ, ಹಿಂದೆ ನಿಂತು ಜನ ಇಳಿಯಲಿ ಬಿಡಿ.

ಇನ್ನೊಂದು ಬೆಳಗ್ಗೆ ಸಿಕ್ಕರೆ ಎಂ.ಜಿ. ರಸ್ತೆ ಹಿಡಿದು ಟ್ರಿನಿಟಿ ದಾಟಿ ಹಲಸೂರು ಕೆರೆಗೆ ಇಳಿಯಿರಿ. ಈ ಇಳಿಜಾರಿನ ತುದಿಯಲ್ಲಿ ನೀರು ಇನ್ನೂ ಇದೆ. ವಾಪಸ್ ಬರುವಾಗ ಅದೇ ಏರು ಹತ್ತಬೇಕು, ಸಿಗ್ನಲ್ ಕೆಂಪಾಗುವುದು ಕಂಡ ತಕ್ಷಣ, ಸೈಕಲ್ ಇನ್ನೂ ಉರುಳುತ್ತಿರುವಾಗಲೇ, ಹಗುರದ ಗೇರಿಗೆ ಹಾಕಿಕೊಳ್ಳಿ. ನಿಂತ ಮೇಲೆ ಗೇರ್ ಬೀಳುವುದಿಲ್ಲ, ಹಿಂದಿರುವ ಬಸ್ಸು ಹಾರ್ನ್ ಶುರು ಮಾಡುತ್ತದೆ.