ಮನೆಯ ಹಿರಿಯರ ಜಾಡಿನಲ್ಲಿ ಸ್ಪೀಡ್ ಸ್ಕೇಟಿಂಗ್: ಮಗುವನ್ನು ಆಟಕ್ಕೆ ಇಳಿಸುವ ಬಗೆ

ಬ್ಲೇಡಿನ ಬೂಟು ತೊಟ್ಟು ಮಂಜುಗಡ್ಡೆಯ ಮೇಲೆ ವೇಗವಾಗಿ ಜಾರುವ ಸ್ಪರ್ಧೆಯಾದ ಸ್ಪೀಡ್ ಸ್ಕೇಟಿಂಗ್‌ನಲ್ಲಿ ಹೆಸರು ಮಾಡಿದ ಹಲವರು ಈ ಆಟಕ್ಕೆ ಬಂದದ್ದು ಅಕ್ಕ ಅಣ್ಣಂದಿರ ಬೆನ್ನು ಹಿಡಿದು. 1988ರಿಂದ 1994ರವರೆಗಿನ ಒಲಿಂಪಿಕ್ಸ್‌ಗಳಲ್ಲಿ ಐದು ಚಿನ್ನ ಗೆದ್ದ ಅಮೆರಿಕದ ಬಾನಿ ಬ್ಲೇರ್ ಆರು ಮಕ್ಕಳಲ್ಲಿ ಕೊನೆಯವರು. ಅವರು ಹುಟ್ಟುವ ಹೊತ್ತಿಗೆ ಮನೆಯ ಹಿರಿಯ ಮಕ್ಕಳು ಸ್ಪರ್ಧೆಗಳಿಗೆ ಇಳಿದಾಗಿತ್ತು. ನಿಮ್ಮ ಮನೆಯಲ್ಲೂ ಸ್ಕೇಟ್ ಮಾಡುವವರಿದ್ದರೆ, ಚಿಕ್ಕ ಮಗುವಿಗೆ ಪಾಠ ಆರಂಭಿಸುವ ಮೊದಲು ಅದನ್ನು ಅಭ್ಯಾಸದ ವೇಳೆಗೆ ರಿಂಕ್‌ಗೆ, ಅಂದರೆ ಸ್ಕೇಟಿಂಗ್ ಅಂಗಳಕ್ಕೆ, ಕರೆದೊಯ್ದು ಸುಮ್ಮನೆ ನೋಡಲು ಬಿಡಿ. ತಾನೂ ಇಳಿಯುತ್ತೇನೆಂದು ಮಗುವೇ ಕೇಳುವವರೆಗೆ ಕಾಯುವುದು, ನನ್ನ ದೃಷ್ಟಿಯಲ್ಲಿ, ಹೆತ್ತವರು ಮಾಡಬಹುದಾದ ಅತಿ ಮುಖ್ಯ ಕೆಲಸ.

ಅಣ್ಣನ ಹಳೆಯ ಸ್ಕೇಟನ್ನು ತಮ್ಮನಿಗೆ ಕೊಡುವುದು ವಾಡಿಕೆ. ಆದರೆ ಅದು ಪಾದಕ್ಕೆ ಬಿಗಿಯಾಗಿ ಕೂತರೆ ಮಾತ್ರ ಕೊಡಬೇಕು. ಬೆಳೆಯುವ ಕಾಲೆಂದು ದೊಡ್ಡ ಅಳತೆಯದನ್ನು ತೊಡಿಸಿದರೆ ಹಿಮ್ಮಡಿ ಒಳಗೆ ಜಾರಿ, ಬ್ಲೇಡಿನ ಮೇಲಿನ ಹಿಡಿತವೇ ತಪ್ಪುತ್ತದೆ.

ಭಂಗಿಯನ್ನು ಮನೆಯ ನೆಲದ ಮೇಲೆಯೇ ಕಲಿಸಬಹುದು. ಮೊಣಕಾಲು ಚೆನ್ನಾಗಿ ಮಡಿಸಿ, ಬೆನ್ನನ್ನು ಬಾಗಿಸಿ, ದೇಹದ ಭಾರವನ್ನೆಲ್ಲ ಒಂದೇ ಕಾಲಿನ ಮೇಲೆ ತಂದು ನಿಲ್ಲುವುದು ಮೊದಲ ಹಂತ. ಅಲ್ಲಿಂದ ಇನ್ನೊಂದು ಕಾಲಿಗೆ ಪಕ್ಕಕ್ಕೆ ಜಿಗಿಯುವುದು ಎರಡನೆಯದು. ಓಡಿ ರೂಢಿಯಾದ ಮಗು ಮಂಜುಗಡ್ಡೆಯ ಮೇಲೂ ಕಾಲನ್ನು ಹಿಂದಕ್ಕೆ ಒದೆಯುತ್ತದೆ, ಆದರೆ ಬ್ಲೇಡ್ ತನ್ನ ಉದ್ದದ ದಿಕ್ಕಿನಲ್ಲಿ ಜಾರುವುದರಿಂದ ಆ ಒದೆತಕ್ಕೆ ಆಸರೆ ಸಿಗುವುದಿಲ್ಲ. ಪಕ್ಕಕ್ಕೆ ತಳ್ಳಿದಾಗಲೇ ಅಂಚು ಕಚ್ಚಿ ವೇಗ ಹುಟ್ಟುತ್ತದೆ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಅಕ್ಕನೋ ಅಣ್ಣನೋ ಮುಂದೆ ನಿಧಾನವಾಗಿ ಸಾಗುತ್ತ, ಚಿಕ್ಕದು ಅವರ ಕಾಲನ್ನೇ ನೋಡುತ್ತ ಹಿಂಬಾಲಿಸುವಂತೆ ಮಾಡುವುದು ಹೆಚ್ಚು ಫಲ ಕೊಡುತ್ತದೆ.

ಹತ್ತಿರದಲ್ಲಿ ಮಂಜುಗಡ್ಡೆಯ ರಿಂಕ್ ಇಲ್ಲದಿದ್ದರೆ ಒಂದೇ ಸಾಲಿನಲ್ಲಿ ಚಕ್ರಗಳಿರುವ ಇನ್‌ಲೈನ್ ಸ್ಕೇಟ್‌ನಿಂದ ಆರಂಭಿಸಿ. 2006ರ ಟುರಿನ್ ಒಲಿಂಪಿಕ್ಸ್‌ನಲ್ಲಿ 5000 ಮೀಟರ್ ಚಿನ್ನ ಗೆದ್ದ ಚಾಡ್ ಹೆಡ್ರಿಕ್ ಚಕ್ರಗಳ ಮೇಲೆ ಕಲಿತದ್ದು ಟೆಕ್ಸಾಸ್‌ನಲ್ಲಿ ಅವರ ಕುಟುಂಬದ್ದೇ ಆಗಿದ್ದ ರೋಲರ್ ರಿಂಕ್‌ನಲ್ಲಿ.

ಈ ಆಟದ ಚಿಕ್ಕ ಸುತ್ತಿನ ಬಗೆಯಾದ ಶಾರ್ಟ್ ಟ್ರ್ಯಾಕ್‌ನ ಸುತ್ತು ಕೇವಲ 111.12 ಮೀಟರ್ ಉದ್ದದ್ದು, ಅದರಲ್ಲಿ ಹಲವರು ಒಟ್ಟಿಗೆ ಓಡುತ್ತಾರೆ. ಆದ್ದರಿಂದ ಹೆಲ್ಮೆಟ್, ಕುತ್ತಿಗೆಯ ಕವಚ, ಕೊಯ್ತ ತಡೆಯುವ ಕೈಗವಸು, ಮೊಣಕಾಲು ಮತ್ತು ಕಣಕಾಲಿನ ರಕ್ಷಣೆ ಇಲ್ಲದೆ ಮಗುವನ್ನು ಇಳಿಸಲೇಬೇಡಿ. 400 ಮೀಟರ್ ಸುತ್ತಿನ ಲಾಂಗ್ ಟ್ರ್ಯಾಕ್ ಬೇಕೋ ಇದು ಬೇಕೋ ಎಂಬ ತೀರ್ಮಾನಕ್ಕೆ ಆತುರವಿಲ್ಲ.

ತರಬೇತುದಾರರ ಕೈಗೆ ಒಪ್ಪಿಸಿದ ಮೇಲೆ ತಂತ್ರದ ಮಾತು ಅವರದು. ಅಂಚಿನಲ್ಲಿ ನಿಂತು ಸಮಯ ಕೂಗುವುದನ್ನೂ, ಈ ವಯಸ್ಸಿಗೆ ನಿನ್ನಕ್ಕ ಇಷ್ಟು ವೇಗದಲ್ಲಿದ್ದಳು ಎಂದು ಹೋಲಿಸುವುದನ್ನೂ ಕಟ್ಟುನಿಟ್ಟಾಗಿ ಬಿಡಬೇಕು. ಮನೆಯವರಿಂದ ಹುಟ್ಟಿದ ಆಸೆಯನ್ನು ಮನೆಯವರೇ ಕೊಲ್ಲುವುದು ಹೆಚ್ಚಾಗಿ ಈ ದಾರಿಯಲ್ಲಿ. ಅದರ ಬದಲು ಬ್ಲೇಡ್ ಹರಿತ ಮಾಡುವುದನ್ನು ಕಲಿಯಿರಿ: ಎರಡೂ ಬ್ಲೇಡುಗಳನ್ನು ಚೌಕಟ್ಟಿನಲ್ಲಿ ಸಮಮಟ್ಟಕ್ಕೆ ಬಿಗಿದು, ಸಾಣೆಕಲ್ಲನ್ನು ಎರಡರ ಮೇಲೂ ಒಟ್ಟಿಗೆ ಆಡಿಸಿ, ಕೊನೆಗೆ ಪಕ್ಕಗಳಲ್ಲಿ ಎದ್ದ ಲೋಹದ ಸಣ್ಣ ಸಿಬಿರನ್ನು ನಯವಾದ ಕಲ್ಲಿನಿಂದ ತೆಗೆಯಬೇಕು. ಮಗು ಪಕ್ಕದಲ್ಲಿ ಕೂತು ನೋಡಲಿ. ಕೈ ಸ್ಥಿರವಾದ ವಯಸ್ಸಿನಲ್ಲಿ ಈ ಕೆಲಸವನ್ನು ಅದಕ್ಕೇ ಬಿಟ್ಟುಕೊಡಿ.